ಎಲ್ಲ ಕಡೆ ಒಂದೇ ಬಿಸಿ

ಆ ಓಣಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತಂತಿಯಕ್ಕ ಎಂದೇ. ತರಕಾರಿ ಗಾಡಿಯವನಿಗೂ ತಂತಿಯಕ್ಕ, ಶಾಲೆಯ ಆಯಾಗೂ ತಂತಿಯಕ್ಕ. ಲಾರಿ ಓಡಿಸಿಕೊಂಡು ಊರೂರು ಅಲೆಯುವ ಗಂಡ ಕೂಡ ಫೋನು ಮಾಡಿದಾಗ, "ಏನ್ರೀ ತಂತಿಯಕ್ಕ, ಮನೇಲಿ ಎಲ್ಲ ಸೌಖ್ಯಾನಾ?" ಎಂದೇ ಮಾತು ಶುರು ಮಾಡುತ್ತಿದ್ದ. ಅವಳ ಕೆಲಸವೇ ತಂತಿ ಸುತ್ತುವುದು. ಓಣಿಯ ತುದಿಯ ರಿವೈಂಡಿಂಗ್ ವರ್ಕ್‌ಶಾಪಿನಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ಬಲಗೈ ಸುತ್ತುವ ಯಂತ್ರದ ಹಿಡಿಯನ್ನು ತಿರುಗಿಸುತ್ತಿದ್ದರೆ ಎಡಗೈಯ ಎರಡು ಬೆರಳ ನಡುವೆ ತಾಮ್ರದ ತಂತಿ ಹರಿದು ಬಂದು, ಸುರುಳಿಯ ಮಗ್ಗುಲಿಗೆ ಸುರುಳಿ, ಪದರದ ಮೇಲೆ ಪದರ, ಒಂದಕ್ಕೊಂದು ಒತ್ತಿಕೊಂಡು ಕೂರುತ್ತಿತ್ತು. ನಡುನಡುವೆ ಯಾರಾದರೂ ಮಾತಾಡಿಸಿದರೆ ಅವಳು ನಗುತ್ತ ತಲೆಯಾಡಿಸುವಳೇ ಹೊರತು ಬಾಯಿ ಬಿಡುವವಳಲ್ಲ. ಬಾಯಿ ಬಿಟ್ಟರೆ ಸುತ್ತಿನ ಲೆಕ್ಕ ತಪ್ಪುತ್ತದೆ.

ಆ ಮೇಜು ಮೊದಲು ಅವಳ ಅತ್ತೆಯದು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳನ್ನು ಕರೆದುಕೊಂಡು ಹೋಗಿ, ತಮ್ಮ ಸ್ಟೂಲಿನ ಮೇಲೆ ಕೂರಿಸಿ, ತಾವು ಹಿಂದೆ ನಿಂತು, ಹೆಗಲ ಮೇಲಿಂದ ಕೈ ಚಾಚಿ ಬೆರಳು ಹಿಡಿದು ಕಲಿಸಿದ್ದರು. ಸೊಸೆಗೆ ಮಗಳು ಹುಟ್ಟಿದ ವರ್ಷ ಅವಳ ಜಾಗಕ್ಕೆ ಬೇರೆ ಯಾರನ್ನೂ ತಂದು ಕೂರಿಸಬಾರದೆಂದು ತಮ್ಮ ಪಾಲಿನ ಕೆಲಸದ ಜೊತೆಗೆ ಸೊಸೆಯ ಪಾಲನ್ನೂ ಸುತ್ತಿದ್ದರು. "ಅವಳು ಬರ್ತಾಳೆ, ಅಲ್ಲಿ ತನಕ ಈ ಕೈಯೇ ಅವಳ ಕೈ" ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದರಂತೆ. ಈಗ ಆ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾರೆ. ಕಣ್ಣೂ ಮಂಜು. ನಾಲಿಗೆ ಮಾತ್ರ ಅಂದಿನಂತೆಯೇ ಚುರುಕು.

ಹಾಸಿಗೆ ಹಿಡಿದವರನ್ನು ಒಂದೇ ಮಗ್ಗುಲಲ್ಲಿ ಬಿಡುವಂತಿಲ್ಲ. ಬಿಟ್ಟರೆ ಭಾರ ಬಿದ್ದ ಕಡೆ ಚರ್ಮ ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ, ಒಡೆದರೆ ಮಾಯುವುದಿಲ್ಲ ಎಂದು ಆಸ್ಪತ್ರೆಯ ನರ್ಸು ಎಚ್ಚರಿಸಿದ್ದಳು. ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಕೆಲಸಕ್ಕೆ ಹೋಗುವ ಹೆಂಗಸು ಎರಡು ಗಂಟೆಗೊಮ್ಮೆ ಮನೆಗೆ ಓಡಿ ಬರುವುದು ಎಲ್ಲಾದರೂ ಉಂಟೇ? ಆ ವರ್ಕ್‌ಶಾಪಿನಲ್ಲಿ ಉಂಟಾಗಿತ್ತು. ಅದರ ಯಜಮಾನರು ಮಾತಿಗೆ ಬಡವರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಸಂಗತಿ ತಿಳಿದ ದಿನ "ಹೂಂ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಮರುದಿನ ಬೆಳಗಿನ ಹೊತ್ತು ಅವರ ಫೋನಿನಲ್ಲಿ ಹುಂಜ ಕೂಗಿತು. ಅಲಾರಂ.

"ಹೋಗಮ್ಮ, ಟೈಮಾಯ್ತು" ಎಂದರು, ತಲೆ ಎತ್ತದೆ.

ಅಂದಿನಿಂದ ಎರಡು ಗಂಟೆಗೊಮ್ಮೆ ಹುಂಜ ಕೂಗುವುದೂ, ಅವಳು ಮುಂದಲೆಯ ಬೆವರು ಒರೆಸಿಕೊಂಡು ಏಳುವುದೂ, ವಾರ್ನಿಷ್ ಅಣ್ಣ "ತಂತಿಯಕ್ಕಾ, ಮಧ್ಯಾಹ್ನದಲ್ಲಿ ಬೆಳಗಾಯ್ತು ನೋಡು!" ಎನ್ನುವುದೂ ದಿನದ ಪರಿಪಾಠವಾಯಿತು. ವಾರ್ನಿಷ್ ಅಣ್ಣನೆಂದರೆ ಅವಳು ಸುತ್ತಿ ಕೊಟ್ಟ ಕಾಯಿಲುಗಳನ್ನು ವಾರ್ನಿಷ್ ತೊಟ್ಟಿಯಲ್ಲಿ ಮುಳುಗಿಸಿ, ಓವನ್ನಿನಲ್ಲಿ ತೂಗುಹಾಕಿ ಬೇಯಿಸುವವನು. ವಾರ್ನಿಷ್ ಇಳಿದು ತಂತಿಗಳ ನಡುವೆ ತುಂಬಿಕೊಂಡು ಗಟ್ಟಿಯಾದರೇ ಕಾಯಿಲು ಒಂದು ಮೈಯಾಗುವುದು. ಅವನ ಅಂಗಿಯ ಬಣ್ಣ ಮೂಲದಲ್ಲಿ ಏನಿತ್ತೆಂದು ಅವನ ಹೆಂಡತಿಗೂ ನೆನಪಿಲ್ಲ.

ಇಂಥ ಕೆಲಸ ಈ ಓಣಿ ಬಿಟ್ಟರೆ ತನಗೆ ಇನ್ನೆಲ್ಲೂ ಸಿಗದೆಂಬುದು ತಂತಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆ ಮೇಜು ಹೋಯಿತೆಂದರೆ ಬಸ್ಸು ಹತ್ತಿ ದೂರ ಹೋಗಬೇಕು. ದೂರ ಹೋದರೆ ಅತ್ತೆಯನ್ನು ಹೊರಳಿಸುವವರು ಯಾರು?

ಆ ಮೇಜಿಗೇ ಈಗ ಕುತ್ತು ಬಂದಿತ್ತು.

ಊರಾಚೆಯ ಕೋಲ್ಡ್ ಸ್ಟೋರೇಜಿನವರು ದೊಡ್ಡದೊಂದು ಚೋಕ್ ಕಾಯಿಲ್ ಸುತ್ತಿಸಿದ್ದರು. ಹಣ್ಣು ತರಕಾರಿ ತಂಪಾಗಿಡುವ ಕಂಪ್ರೆಸರಿಗೆ ಹೋಗುವ ಕರೆಂಟನ್ನು ಹದ್ದುಬಸ್ತಿನಲ್ಲಿಡುವ ಕಾಯಿಲ್ ಅದು. ಫ್ಯಾನು, ಪಂಪು, ಸ್ಟಾರ್ಟರ್ ಎಂದು ಸಣ್ಣಪುಟ್ಟವನ್ನೇ ಸುತ್ತಿಕೊಂಡಿದ್ದ ವರ್ಕ್‌ಶಾಪಿಗೆ ಇಷ್ಟು ಕರೆಂಟು ಹೊರುವ ಕಾಯಿಲ್ ಹೊಸದು. ಇದೊಂದು ಸರಿಹೋದರೆ ವರ್ಷವಿಡೀ ಅವರದೇ ಕೆಲಸ. ಮೊದಲನೆಯದು ಹೋದ ಒಂದೇ ವಾರದಲ್ಲಿ ವಾಪಸು ಬಂತು, ಒಂದು ಮಗ್ಗುಲು ಕರಕಲಾಗಿ. ಒಳಗಿನ ತಂತಿಯ ಎರಡು ತುದಿಗಳು ಹೊರಗೆ ಬರುವ ಕಡೆ, ಇವರ ಮಾತಿನಲ್ಲಿ 'ಬಾಲ'ದ ಕಡೆ ಸುಟ್ಟಿತ್ತು. ಬೆಸುಗೆ ಸಡಿಲವಿದ್ದು ಅಲ್ಲಿ ಬಿಸಿ ಏರಿರಬೇಕೆಂದು ಕೋಲ್ಡ್ ಸ್ಟೋರೇಜಿನ ಇಂಜಿನಿಯರಮ್ಮ ಹೇಳಿದಳು. ತಂತಿಯಕ್ಕನಿಗೂ ಹಾಗೇ ಅನ್ನಿಸಿತು. ಎರಡನೆಯದಕ್ಕೆ ಕಣ್ಣಲ್ಲಿ ಕಣ್ಣಿಟ್ಟು ಬೆಸುಗೆ ಹಾಕಿದಳು, ಎಳೆದು ನೋಡಿದಳು, ದೀಪಕ್ಕೆ ಹಿಡಿದು ನೋಡಿದಳು.

ಎರಡನೆಯದೂ ಅಲ್ಲೇ ಸುಟ್ಟಿತು.

"ಹಣ್ಣು ತಂಪಾಗಿಡೋಕೆ ಅಂತ ಕೊಟ್ರೆ ನಮಗೇ ಬಿಸಿ ಮುಟ್ಟಿಸ್ತಿದೆ" ಎಂದು ವಾರ್ನಿಷ್ ಅಣ್ಣ ತಮಾಷೆ ಮಾಡಲು ಹೋದ. ಯಾರೂ ನಗಲಿಲ್ಲ. ಯಜಮಾನರು ಕರಕಲಾದ ಕಾಯಿಲನ್ನು ಮೇಜಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಅವರ ಮಟ್ಟಿಗೆ ಭಾಷಣವೇ ಆದಂಥ ಮಾತಾಡಿದರು.

"ನೋಡಮ್ಮ. ಇನ್ನೊಂದು ಸಲ ನೋಡ್ತಾರಂತೆ. ಅದೂ ಸುಟ್ರೆ ಅವರು ಹೊರಗಿಂದ ರೆಡಿ ಕಾಯಿಲ್ ತರಿಸ್ತಾರೆ. ಅವರು ತರಿಸಿದ ಮೇಲೆ ಮಿಕ್ಕವರೂ ಸುಮ್ನಿರಲ್ಲ. ಆಗ ನಾನು ಈ ಮೇಜು ಎತ್ತಿಸಿ ಅಲ್ಲೊಂದು ರ‍್ಯಾಕು ನಿಲ್ಲಿಸಬೇಕಾಗುತ್ತೆ. ನನಗೆ ಇಷ್ಟ ಇಲ್ಲ. ಆದ್ರೆ ಹಾಗಾಗುತ್ತೆ."

ಅವರು ಮುಖ ನೋಡಿ ನೇರವಾಗಿ ಹೇಳಿದ್ದಕ್ಕೆ ಅವಳು ಒಳಗೊಳಗೇ ಕೈಮುಗಿದಳು. ಬೆನ್ನ ಹಿಂದೆ ಮಾಡಿ ಮುಗಿಸುವ ಯಜಮಾನರೂ ಇರುತ್ತಾರೆ.

ಇಂಜಿನಿಯರಮ್ಮ ಅಲ್ಲೇ ನಿಂತಿದ್ದಳು. ತಂತಿಯಕ್ಕನಿಗಿಂತ ಎಷ್ಟೋ ಚಿಕ್ಕವಳು. ಬ್ಯಾಗಿನಲ್ಲಿ ಬಿಸಿ ನೋಡುವ ಕ್ಯಾಮೆರಾ, ಅಂಗೈಯಗಲದ್ದು. ಕಾಯಿಲು ಓಡುತ್ತಿದ್ದಾಗ ತೆಗೆದ ಚಿತ್ರವನ್ನು ತೋರಿಸಿದಳು. ಇಡೀ ಕಾಯಿಲು ಕೆಂಪಗೆ, ಬಾಲದ ಕಡೆ ಮಾತ್ರ ಬೆಳ್ಳಗೆ, ಕುರುವಿನ ಹಾಗೆ. ಬಿಸಿ ಹೆಚ್ಚಾದಷ್ಟೂ ಅದರಲ್ಲಿ ಬಿಳಿ.

"ನಾವು ಹೊರಗಿಂದ ಎಷ್ಟು ನೋಡಿದ್ರೂ ಅಷ್ಟೇ ಅಕ್ಕ" ಎಂದಳು. "ಕೊಯ್ದು ನೋಡೋಣ್ವಾ?"

ತಾನು ಸುತ್ತಿದ್ದನ್ನು ಕೊಯ್ಯಲು ತಂತಿಯಕ್ಕನಿಗೆ ಮನಸ್ಸಿರಲಿಲ್ಲ. ಆದರೂ ತಾನೇ ವೈಸಿಗೆ ಕಚ್ಚಿಸಿ, ತಾನೇ ಹ್ಯಾಕ್ಸಾ ಗರಗಸ ಹಿಡಿದಳು. ಬಾಲದ ಕಡೆಯಿಂದ ಶುರುಮಾಡಿ ಕೆಳತುದಿಯ ತನಕ ಕೊಯ್ದಳು. ಅವಳ ತೋಳು ಸೋತಾಗ ವಾರ್ನಿಷ್ ಅಣ್ಣ, ಅವನು ಸೋತಾಗ ಇಂಜಿನಿಯರಮ್ಮ. ಕೊನೆಗೆ ಕಾಯಿಲು ಕೊಯ್ದ ಈರುಳ್ಳಿಯಂತೆ ಎರಡು ಹೋಳಾಗಿ, ಒಳಗಿನ ಪದರಗಳೆಲ್ಲ ಫಳಫಳ ಹೊಳೆದವು.

ಬೆಸುಗೆ ಗಟ್ಟಿಯಾಗಿತ್ತು. ಅದರ ಕೂದಲೂ ಕೊಂಕಿರಲಿಲ್ಲ.

"ಸಾರಿ ಅಕ್ಕ" ಎಂದಳು ಇಂಜಿನಿಯರಮ್ಮ. "ನಾನು ನಿಮ್ಮ ಬೆಸುಗೆ ಮೇಲೆ ಅನುಮಾನ ಪಟ್ಟೆ."

"ನಾನೂ ಪಟ್ಟಿದ್ದೆ ಮೇಡಂ. ಇಬ್ಬರಿಗೂ ಸರಿಹೋಯ್ತು ಬಿಡಿ."

ಆದರೆ ಬೆಸುಗೆಯ ಸುತ್ತಲಿನ ತಂತಿಗಳು ಬೇರೆಯೇ ಕಥೆ ಹೇಳುತ್ತಿದ್ದವು. ಉಗುರಿನಲ್ಲಿ ಕೆರೆದರೆ ಬಿಡಿಬಿಡಿಯಾಗಿ ಅಲುಗಾಡುತ್ತಿದ್ದವು. ನಡುವೆ ವಾರ್ನಿಷ್ ಇರಲಿಲ್ಲ, ಬರೀ ಪೊಳ್ಳು.

"ಇದೇ!" ಎಂದಳು ಇಂಜಿನಿಯರಮ್ಮ. "ತಂತಿ ನಡುವೆ ಗಾಳಿ ಉಳಿದ್ರೆ ಕಂಬಳಿ ಹೊದ್ದ ಹಾಗೆ. ಒಳಗಿನ ಬಿಸಿ ಹೊರಗೆ ಬರೋಕೆ ದಾರಿ ಇಲ್ಲ. ಬಿಸಿಯಾದ ತಾಮ್ರ ಇನ್ನೂ ಬಿಸಿಯಾಗುತ್ತೆ. ಮಿಕ್ಕ ಕಡೆಯೆಲ್ಲ ಆರಾಮಾಗಿದ್ರೂ ಅದೊಂದು ಜಾಗ ಬೇಯುತ್ತೆ."

ಎಲ್ಲರ ಕಣ್ಣೂ ವಾರ್ನಿಷ್ ಅಣ್ಣನ ಕಡೆ ಹೊರಳಿತು. ಅವನು ಎರಡೂ ಕೈ ಮೇಲೆತ್ತಿದ. "ನನ್ನ ಮಕ್ಕಳಾಣೆ, ಗುಳ್ಳೆ ಬರೋದು ಪೂರ್ತಿ ನಿಲ್ಲೋ ತನಕ ಮುಳುಗಿಸಿಟ್ಟಿದ್ದೀನಿ. ಪೂರ್ತಿ ಮುಳುಗಿದ್ದು ಒಂದು ಕಡೆ ಮಾತ್ರ ಒಣಗಿರೋದು ಹೇಗೆ? ನೀವೇ ಹೇಳಿ."

ಅಷ್ಟರಲ್ಲಿ ಹುಂಜ ಕೂಗಿತು. ತಂತಿಯಕ್ಕ ಹೋಳೊಂದನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದಳು. ಯಾಕೆ ತೆಗೆದುಕೊಂಡಳೆಂದು ಅವಳನ್ನು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಕಾಯಿಲಿನ ವಿಷಯದಲ್ಲಿ ಏನು ಎಡವಟ್ಟಾದರೂ ಅವಳ ಕಾಲು ಹೋಗುತ್ತಿದ್ದದ್ದು ಒಬ್ಬರ ಹತ್ತಿರವೇ.

"ಏನೇ ಅದು ಸುಟ್ಟ ವಾಸನೆ? ಅಡುಗೆ ಸೀದೋಯ್ತಾ?" ಅತ್ತೆ ಬಾಗಿಲ ಸದ್ದಿಗೇ ಕೇಳಿದರು.

"ಅಡುಗೆ ಅಲ್ಲ ಅತ್ತೆ. ಕಾಯಿಲ್."

"ಹಾಗಾದ್ರೆ ಸರಿ, ನಿನ್ನ ಕೈಯಡುಗೆ ಸೀದರೆ ರುಚಿ ಏನೂ ಬದಲಾಗಲ್ಲ. ಕಾಯಿಲ್ ಸೀದರೆ ಕಷ್ಟ."

ಅವಳು ನಗುತ್ತ ಅತ್ತೆಯ ಭುಜದ ಕೆಳಗೊಂದು ಕೈ, ಮಂಡಿಯ ಕೆಳಗೊಂದು ಕೈ ಹಾಕಿ, ತನ್ನ ಕಡೆಗೆ ಎಳೆದುಕೊಂಡು ಎಡಮಗ್ಗುಲಿಗೆ ಹೊರಳಿಸಿದಳು. ಬಲಸೊಂಟದ ಮೇಲೆ ಕೆಂಪಡರಿತ್ತು. ಹಿತವಾಗಿ ಎಣ್ಣೆ ಸವರಿದಳು. ಬೆನ್ನಿಗೆ ದಿಂಬು ಒತ್ತಿಟ್ಟಳು. ಆಮೇಲೆ ಕಾಯಿಲಿನ ಹೋಳನ್ನು ಅತ್ತೆಯ ಎದೆಯ ಮುಂದೆ ಹಾಸಿಗೆಯ ಮೇಲಿಟ್ಟಳು.

ಅತ್ತೆಗೆ ಈಗ ಕಣ್ಣಿಗಿಂತ ಬೆರಳೇ ಚೆನ್ನಾಗಿ ಕಾಣುತ್ತಿತ್ತು. ಕೊಯ್ದ ಮುಖದ ಮೇಲೆ ಬೆರಳಾಡಿಸಿದರು. ಮೊದಲು ಸೊಸೆಯ ಸುತ್ತು ನೋಡಿದರು. "ಪರವಾಗಿಲ್ಲ, ಬಿಗಿಯಾಗಿದೆ" ಎಂದು ಗೊಣಗಿದರು. ಅಷ್ಟು ಹೇಳಿಸಿಕೊಳ್ಳಲು ತಂತಿಯಕ್ಕ ಹಿಂದೆ ವರ್ಷಗಟ್ಟಲೆ ಕಾದಿದ್ದಳು. ಬೆರಳು ಕೆಳಕ್ಕೆ ಹೋಯಿತು, ನಿಂತಿತು, ಮೇಲಕ್ಕೆ ಬಂತು, ಮತ್ತೆ ಕೆಳಕ್ಕೆ ಹೋಯಿತು.

"ಇಲ್ಲಿ ಗೋಂದು ಹೆಪ್ಪುಗಟ್ಟಿದ ಹಾಗಿದೆ. ಇಲ್ಲಿ ಒಂದು ತೊಟ್ಟೂ ಇಲ್ಲ. ಬಾಲ ಎಲ್ಲಿದೆ?"

"ನಿಮ್ಮ ಹೆಬ್ಬೆರಳ ಹತ್ರಾನೇ."

"ಒಣಗಿರೋ ಕಡೆ. ಓವನ್ನಿನಲ್ಲಿ ಹೇಗೆ ತೂಗುಹಾಕಿದ್ರಿ?"

"ಬಾಲ ಮೇಲೆ. ಯಾವಾಗಲೂ ಹಾಗೇ ಅಲ್ವಾ, ನೀವೇ ಹೇಳಿಕೊಟ್ಟ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಅತ್ತೆಯ ಬೆರಳು ಅಲ್ಲೇ ನಿಂತಿತು. ಆ ಮನೆಯಲ್ಲಿ ಅತ್ತೆ ಮಾತು ನಿಲ್ಲಿಸಿದರೆ ಗಡಿಯಾರ ನಿಂತ ಹಾಗೆ.

"ನಮ್ಮ ಕಾಲದಲ್ಲಿ ಬ್ರಶ್ಶಿನಲ್ಲಿ ಬಳೀತಿದ್ವಿ" ಎಂದರು ಕೊನೆಗೆ, ಮೆಲ್ಲಗೆ. "ಬಳಿಯೋದು, ಒಣಗಿಸೋದು, ಮತ್ತೆ ಬಳಿಯೋದು. ಬಾಲಕ್ಕೆ ಅಂಟು ಮೆತ್ತಿಕೊಳ್ಳಬಾರದು ಅಂತ ಬಾಲ ಮೇಲೆ ಮಾಡಿ ತೂಗುಹಾಕ್ತಿದ್ವಿ. ಈಗ ನೀವು ತೊಟ್ಟಿಯಲ್ಲಿ ಮುಳುಗಿಸ್ತೀರಿ. ನೀರಿನಂಗೆ ತುಂಬಿಕೊಂಡಿದ್ದು ಬೇಯೋದ್ರೊಳಗೆ ಸೋರಿ ಕೆಳಗೆ ಇಳಿದುಬಿಡುತ್ತೆ. ಸಣ್ಣ ಕಾಯಿಲಾದ್ರೆ ನಡೀತದೆ. ಇಷ್ಟು ದೊಡ್ಡದು, ಇಷ್ಟು ಕರೆಂಟು ಹೊರೋದು..." ಬೆರಳನ್ನು ಮತ್ತೆ ಒಣಗಿದ ಕಡೆ ಇಟ್ಟರು. "ಬಾಲ ಮೇಲೆ, ಬಾಲ ಮೇಲೆ ಅಂತ ನಿನ್ನ ಕಿವಿ ಹಿಂಡಿ ಕಲಿಸಿದೋಳು ನಾನು. ನಿನ್ನ ಮೇಜಿಗೆ ಬೆಂಕಿ ಇಟ್ಟೋಳೂ ನಾನೇ ಆದೆ ಕಣೇ."

ಮೇಜಿನ ಸಂಗತಿಯನ್ನು ಅವಳು ಅತ್ತೆಗೆ ಹೇಳಿರಲೇ ಇಲ್ಲ. ಆದರೆ ಓಣಿ ಎಂದರೆ ಓಣಿ, ಮಾತು ಅವಳಿಗಿಂತ ಮೊದಲೇ ಕಿಟಕಿಯಿಂದ ಬಂದು ಕೂತಿತ್ತು.

"ಹೋಗಿ ಹೇಳು ಅವರಿಗೆ. ಮುದುಕಿ ತಪ್ಪು ಕಲಿಸಿದ್ದು, ನಂದೇನೂ ಇಲ್ಲ ಅನ್ನು. ನಿನ್ನ ಜಾಗ ಉಳೀಲಿ. ನನ್ನಿಂದ ನಿನಗೆ ಆಗಿರೋ ತಾಪತ್ರಯ ಇಷ್ಟೇ ಸಾಲದು ಅಂತ..."

"ಅತ್ತೆ" ಎಂದಳು ತಂತಿಯಕ್ಕ. ಆ ಕೈಗಳನ್ನೇ ನೋಡುತ್ತಿದ್ದಳು. ಅವಳ ಬೆರಳಿಗೆ ಗೊತ್ತಿದ್ದ ಒಂದೊಂದೂ ಆ ಬೆರಳಿಂದ ಬಂದದ್ದು. ತಂತಿಯನ್ನು ಎಷ್ಟು ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು, ಸೋತಾಗ ಯಾವ ಕೈ ಬದಲಾಯಿಸಬೇಕು. ಮಗಳು ಹುಟ್ಟಿದ ವರ್ಷ ಆ ಕೈಗಳೇ ತನ್ನ ಕೈಯೂ ಆಗಿ ದುಡಿದಿದ್ದವು. ಅವಳು ಕೇಳಿದಳು, "ನಿಮ್ಮನ್ನ ನಾನು ಒಂದೇ ಮಗ್ಗುಲಲ್ಲಿ ಬಿಡ್ತೀನಾ?"

"ಎಲ್ಲಿ ಬಿಡ್ತೀಯ! ನಿದ್ದೆ ಹತ್ತೋ ಹೊತ್ತಿಗೇ ಬಂದು ಎತ್ತಿ ಹಾಕ್ತೀಯ."

"ಹಾಗೇ ಕಾಯಿಲನ್ನೂ ಎತ್ತಿ ಹಾಕಿದ್ರಾಯ್ತು."

ಅತ್ತೆ ಏನೋ ಹೇಳಲು ಬಾಯಿ ತೆರೆದವರು ಹಾಗೇ ಯೋಚನೆಗಿಳಿದರು. ಮುಖದ ಸುಕ್ಕುಗಳೆಲ್ಲ ಹಣೆಗೆ ಏರಿದವು. ಹಳೇ ಅತ್ತೆ ವಾಪಸು ಬಂದರು.

"ಒಂದು ಸಲ ಹೊರಳಿಸಿದ್ರೆ ಸಾಲದು ಕಣೇ, ಅದು ಆ ಕಡೆಗೆ ಇಳಿದುಬಿಡುತ್ತೆ. ಅಂಟು ಬಿಗಿಯೋ ತನಕ ಹೊರಳಿಸ್ತಾನೇ ಇರಬೇಕು. ಬಾಲಕ್ಕೆ ಬಟ್ಟೆ ಸುತ್ತು. ಕೊಕ್ಕೆ ಎರಡೂ ಕಡೆ ಹಾಕು. ಆ ವಾರ್ನಿಷಿನವನಿಗೆ ಹೇಳು, ಓವನ್ ಮುಂದೆ ಕೂತು ತೂಕಡಿಸಿದ್ರೆ ಬಂದು ಹೊಡೀತೀನಿ ಅಂತ. ಬರೋಕಾಗಲ್ಲ ಅಂತ ಹೇಳಬೇಡ."

ಮೂರನೆಯ ಕಾಯಿಲನ್ನು ತಂತಿಯಕ್ಕ ಹಿಂದೆಂದೂ ಸುತ್ತದ ಹಾಗೆ ಸುತ್ತಿದಳು. ಬಾಲಕ್ಕೆ ಮಗಳ ಹಳೇ ಹತ್ತಿಯ ಲಂಗದ ಚೂರು ಸುತ್ತಿದಳು. ತೊಟ್ಟಿಯಿಂದ ಎತ್ತಿ ಓವನ್ನಿಗೆ ಹಾಕಿದ ಮೇಲೆ ಶುರುವಾಯಿತು ವಾರ್ನಿಷ್ ಅಣ್ಣನ ಪರದಾಟ. ಯಜಮಾನರು ಫೋನನ್ನು ಅವನ ಮುಂದೆಯೇ ಇಟ್ಟುಬಿಟ್ಟಿದ್ದರು. ಅಂದು ಹುಂಜ ಗಳಿಗೆಗೊಮ್ಮೆ ಕೂಗಿತು. ಕೂಗಿದಾಗಲೆಲ್ಲ ಅವನು ಓವನ್ ಬಾಗಿಲು ತೆರೆದು, ಬಿಸಿ ಹೊಡೆತಕ್ಕೆ ಮುಖ ಕಿವುಚಿಕೊಂಡು, ಕಾಯಿಲನ್ನು ತಲೆಕೆಳಗು ಮಾಡಿ, ಕೊಕ್ಕೆ ಬದಲಾಯಿಸಿ, ಬಾಗಿಲು ಮುಚ್ಚುವನು.

"ನಮ್ಮ ಇಬ್ಬರು ಮಕ್ಕಳನ್ನೂ ನಾನು ಇಷ್ಟು ಸಲ ಎತ್ತಿಲ್ಲ. ನನ್ನ ಹೆಂಡ್ತಿ ನೋಡಿದ್ರೆ ಈ ಕಾಯಿಲ್ ಮೇಲೆ ಹೊಟ್ಟೆಕಿಚ್ಚು ಪಡ್ತಾಳೆ!"

"ಬೈಯಬೇಡ ಅಣ್ಣ. ನಿನ್ನ ಉಪಕಾರ ಮರೆಯಲ್ಲ."

"ಉಪಕಾರ ಎಲ್ಲಿ ಬಂತು? ಈ ಮೇಜಿನ ಜಾಗದಲ್ಲಿ ರ‍್ಯಾಕು ನಿಂತ್ರೆ ನಾನು ಯಾರನ್ನ ರೇಗಿಸಲಿ? ರ‍್ಯಾಕನ್ನಾ?" ಎಂದವನೇ ಮತ್ತೆ ಓವನ್ನಿನ ಕಡೆ ತಿರುಗಿದ. ಅವನ ಎರಡೂ ಮುಂಗೈಯ ರೋಮ ಸುಟ್ಟು ಹೋಗಿತ್ತು. ಅದನ್ನು ಅವನು ಹೇಳಲಿಲ್ಲ, ಅವಳು ನೋಡಿದಳು.

ಪರೀಕ್ಷೆಯ ದಿನ ಇಂಜಿನಿಯರಮ್ಮ ಬೆಳಗ್ಗೆಯೇ ಬಂದಳು. ವರ್ಕ್‌ಶಾಪಿನ ಬೆಂಚಿನ ಮೇಲೆಯೇ ಕಾಯಿಲಿಗೆ ಪೂರ್ತಿ ಕರೆಂಟು ಹರಿಸಿದರು. ಜೇನುಗೂಡಿನಂತೆ ಗುಂಯ್ಗುಟ್ಟುವ ಸದ್ದು. ಎಲ್ಲರೂ ಸುತ್ತ ನಿಂತರು. ಬಿಸಿ ಏರತೊಡಗಿತು. ಹಿಂದಿನೆರಡು ಕಾಯಿಲುಗಳು ವಾಸನೆ ಬಿಟ್ಟ ಹೊತ್ತೂ ಕಳೆಯಿತು. ತಂತಿಯಕ್ಕ ಮೂಗರಳಿಸಿ ನಿಂತೇ ಇದ್ದಳು. ಹುಂಜ ಕೂಗಿತು. ಅವಳು ಕದಲಲಿಲ್ಲ.

"ಹೋಗಿ ಬಾಮ್ಮ" ಎಂದರು ಯಜಮಾನರು. "ಅವರು ಕಾಯ್ತಿರ್ತಾರೆ. ಇದು ಎಲ್ಲೂ ಓಡಿಹೋಗಲ್ಲ."

ಅವಳು ಓಡಿ ಹೋಗಿ, ಅತ್ತೆಯನ್ನು ಹೊರಳಿಸಿ, "ಇನ್ನೂ ಏನೂ ಗೊತ್ತಾಗಿಲ್ಲ" ಎಂದು ಅವರ ಪ್ರಶ್ನೆಗೆ ಮುಂಚೆಯೇ ಉತ್ತರ ಕೊಟ್ಟು, ಓಡಿ ಬಂದಳು. ಬಂದಾಗ ಇಂಜಿನಿಯರಮ್ಮ ಕ್ಯಾಮೆರಾ ಹಿಡಿದು ಕಾಯಿಲಿನ ಸುತ್ತ ನಿಧಾನವಾಗಿ ಸುತ್ತು ಹಾಕುತ್ತಿದ್ದಳು. ಒಂದು ಸುತ್ತು ಬಂದಳು. ನಂಬಿಕೆ ಬಾರದೆ ಇನ್ನೊಂದು ಸುತ್ತು ಬಂದಳು. ಆಮೇಲೆ ಪರದೆಯನ್ನು ತಂತಿಯಕ್ಕನ ಕಡೆ ತಿರುಗಿಸಿದಳು.

ಬಿಳಿ ಕುರು ಎಲ್ಲೂ ಇರಲಿಲ್ಲ. ಮೇಲೆ, ಕೆಳಗೆ, ಬಾಲದ ಬಳಿ, ಎಲ್ಲ ಕಡೆ ಕಾಯಿಲು ಸಂಜೆಬಿಸಿಲು ಬಿದ್ದ ಗೋಡೆಯಂತೆ ಒಂದೇ ಕೆಂಪು.

"ಆರ್ಡರ್ ನಿಮ್ಮದೇ" ಎಂದಳು ಯಜಮಾನರಿಗೆ. "ಯಾರು ಅಕ್ಕ ಕಂಡುಹಿಡಿದಿದ್ದು?"

"ನಮ್ಮತ್ತೆ."

ಯಜಮಾನರ ಮೀಸೆಯಡಿ ಏನೋ ಅಲುಗಿತು. "ಬಾಲ ಮೇಲೆ ಅಂತ ನನ್ನ ಬೆನ್ನಿಗೆ ಗುದ್ದಿ ಕಲಿಸಿದ್ದೂ ಅವರೇ" ಎಂದರು. ತಂತಿಯಕ್ಕ ತಟ್ಟನೆ ಅವರ ಮುಖ ನೋಡಿದಳು. ತಪ್ಪು ಯಾರು ಕಲಿಸಿದ್ದೆಂದು ಇವರಿಗೆ ಗೊತ್ತಾಗಿದೆ! ಹುಡುಗನಾಗಿದ್ದಾಗ ಅವರೂ ಆ ಮೇಜಿನ ಮುಂದೆಯೇ ಕೆಲಸ ಕಲಿತವರೆಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಅವರು ಸ್ವಲ್ಪ ತಡೆದು ಹೇಳಿದರು, "ಈಗ ಹೊರಳಿಸೋದನ್ನೂ ಅವರೇ ಕಲಿಸಿದ್ರು. ಅಷ್ಟೇ." ಹೇಳಿ, ಆ ದಿನದ ಮಾತು ಮುಗಿಯಿತೆಂಬಂತೆ ಒಳಗೆ ನಡೆದರು.

"ಯಜಮಾನ್ರೇ" ಎಂದು ಅವಳು ಕೂಗಿದಳು. "ಇದನ್ನ ಒಂದು ಗಳಿಗೆ ಮನೆಗೆ ತಗೊಂಡು ಹೋಗಿ ಬರಲಾ?"

ಒಳಗಿನಿಂದ "ಹೂಂ" ಬಂತು.

ಕರೆಂಟು ತೆಗೆದು, ಕೈಗೆ ತಾಳುವಷ್ಟು ಆರಲು ಬಿಟ್ಟು, ಕಾಯಿಲನ್ನು ದಪ್ಪ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಆರು ತಿಂಗಳ ಕೂಸಿನಷ್ಟು ಭಾರ, ಜ್ವರ ಬಂದ ಕೂಸಿನಷ್ಟು ಬಿಸಿ. ಓಣಿಯಲ್ಲಿ ತರಕಾರಿ ಗಾಡಿಯವನು "ಏನು ತಂತಿಯಕ್ಕ, ಇನ್ನೊಂದು ಮಗುವಾ?" ಎಂದ. "ಹೌದಪ್ಪ, ಬಹಳ ಕಷ್ಟದ ಹೆರಿಗೆ" ಎಂದು ನಗುತ್ತ ಮುಂದೆ ಹೋದಳು.

ಅತ್ತೆಯ ಮುಂದೆ ಹಾಸಿಗೆಯ ಮೇಲೆ ಟವೆಲು ಬಿಚ್ಚಿಟ್ಟು, ಅವರ ಎರಡೂ ಅಂಗೈಗಳನ್ನು ಅದರ ಮೇಲಿಟ್ಟಳು. ಅತ್ತೆಯ ಕೈಗಳು ನಿಧಾನವಾಗಿ ಸುತ್ತಲೂ ಸರಿದವು. ಮೇಲೆ ಹುಡುಕಿದವು, ಕೆಳಗೆ ಹುಡುಕಿದವು, ಬಾಲದ ಬುಡದಲ್ಲಿ ಬಹಳ ಹೊತ್ತು ನಿಂತವು. ಸುಡುವ ಜಾಗ ಸಿಗಲಿಲ್ಲ. ತಣ್ಣನೆಯ ಜಾಗವೂ ಸಿಗಲಿಲ್ಲ.

"ಎಲ್ಲ ಕಡೆ ಒಂದೇ ಥರ ಇದೆ ಕಣೇ" ಎಂದರು. "ಮೇಜು?"

"ಅಲ್ಲೇ ಇರುತ್ತೆ ಅತ್ತೆ. ನೀವು ಉಳಿಸಿದ್ರಿ."

"ನಾನೇನು ಉಳಿಸಿದ್ದು! ಸುಟ್ಟೋಳು ನಾನು, ಆರಿಸಿದೋಳು ನೀನು" ಎಂದರು ಅತ್ತೆ. ಮಂಜುಗಣ್ಣಿನ ಅಂಚಿನಿಂದ ಇಳಿದದ್ದನ್ನು ದಿಂಬಿಗೆ ಒರೆಸಿಕೊಂಡರು. ತಂತಿಯಕ್ಕನಿಗೆ ಎಷ್ಟೋ ದಿನಗಳ ಮೇಲೆ ಹೆಗಲ ಮೇಲಿನ ಭಾರ ಯಾರೋ ಇಳಿಸಿಕೊಂಡಂತೆ ಹಗುರವಾಗಿತ್ತು. ಅಲ್ಲೇ ಹಾಸಿಗೆಯ ಅಂಚಿಗೆ ತಲೆಯಿಟ್ಟು ಮಲಗಿಬಿಡೋಣ ಎನ್ನಿಸುವಷ್ಟು ಹಗುರ.

"ಏಳ್ತೀನಿ ಅತ್ತೆ. ಇದನ್ನ ವಾಪಸು ಕೊಡಬೇಕು, ಕೋಲ್ಡ್ ಸ್ಟೋರೇಜಿನವರು ಕಾಯ್ತಿದ್ದಾರೆ."

"ತಡಿ" ಎಂದು ಅತ್ತೆ ಕಾಯಿಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಇದನ್ನ ಟವೆಲ್ ಸಮೇತ ನನ್ನ ಸೊಂಟದ ಹತ್ರ ಇಡು. ಹಾಂ, ಅಲ್ಲೇ. ಆಹಾ... ನಿಮ್ಮ ಯಜಮಾನನಿಗೆ ಹೇಳು, ಒಂದು ಗಳಿಗೆ ಕಾಯಲಿ. ಅವನಿಗೊಂದು ಸುತ್ತು ನೆಟ್ಟಗೆ ಬರೋ ತನಕ ನಾನು ಎಷ್ಟು ಕಾದಿಲ್ಲ!"